ಸೋಮವಾರದಿಂದ ಶನಿವಾರದವರೆಗೆ: ಒತ್ತಡದ ನಡುವೆ ನೆಮ್ಮದಿಗೆ ಕ್ರೈಸ್ತ ನಂಬಿಕೆಯ ದಾರಿ

ಭಾನುವಾರ ಪೂಜೆ ಮುಗಿಸಿ ಚರ್ಚಿನ ಮೆಟ್ಟಿಲು ಇಳಿಯುವಾಗ ಮನಸ್ಸು ಹಗುರ ಇರುತ್ತದೆ. ಸೋಮವಾರ ಬೆಳಿಗ್ಗೆ ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಆ ಹಗುರ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ಭಾನುವಾರದ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಉಳಿದ ಆರು ದಿನದ ಬಗ್ಗೆ.

ನಮ್ಮ ಉತ್ತರ ಕನ್ನಡದಲ್ಲಿ ಚಿಂತೆಗೂ ಒಂದು ಕ್ಯಾಲೆಂಡರ್ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ಬೈತಖೋಲ, ತದಡಿ ಬಂದರುಗಳಲ್ಲಿ ಕಟ್ಟಿಹಾಕಿಕೊಂಡು ನಿಲ್ಲುತ್ತವೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಅದೇ ತಿಂಗಳಲ್ಲಿ ಮಕ್ಕಳ ಶಾಲೆ ಫೀ. ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರದ ಕಡೆ ಅಡಿಕೆ ತೋಟದವರು ಕೊಳೆರೋಗ ಬರುತ್ತದೋ ಏನೋ ಅಂತ ಮರದ ತುದಿ ನೋಡುತ್ತಾ ಇರುತ್ತಾರೆ. ಕೊಳೆ ತಡೆಯುವ ಬೋರ್ಡೋ ದ್ರಾವಣ ಹೊಡೆಯಲು ಮಳೆ ಬಿಡಬೇಕು, ಮರ ಹತ್ತುವವರು ಸಿಗಬೇಕು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಮೂರು ವಾರ ಕಳೆದು ಆಗಸ್ಟ್ 7ರಂದು ಕಾಳಿ ನದಿಯ ಹಳೆ ಸೇತುವೆ ಬಿತ್ತು. ಗುಡ್ಡದ ಕೆಳಗೆ ಮನೆ ಇರುವವರಿಗೆ ಅಲ್ಲಿಂದ ಜೋರು ಮಳೆಯ ರಾತ್ರಿ ಅಂದರೆ ನಿದ್ದೆ ಇಲ್ಲದ ರಾತ್ರಿ.

ಇಂಥ ಊರಲ್ಲಿ ಕೂತು ‘ಚಿಂತೆ ಬಿಡಿ, ದೇವರಿದ್ದಾನೆ’ ಅಂತ ಸುಮ್ನೆ ಹೇಳಿದರೆ ಯಾರಿಗೂ ಉಪಯೋಗವಿಲ್ಲ. ಹೇಗೆ ಬಿಡಬೇಕು ಅನ್ನುವುದೇ ಪ್ರಶ್ನೆ ಅಲ್ವಾ? ಕ್ರೈಸ್ತ ಪರಂಪರೆಯಲ್ಲಿ ಅದಕ್ಕೆ ಹಳೆಯ, ಸರಳ ವಿಧಾನಗಳಿವೆ. ಕಥೋಲಿಕರು, ಪ್ರೊಟೆಸ್ಟೆಂಟರು, ಚರ್ಚಿಗೆ ಹೋಗುವುದು ಬಿಟ್ಟವರು, ಎಲ್ಲರೂ ಮಾಡಬಹುದಾದವು.

ಶುರುವಿಗೆ ಮುಂಚೆ

ನಂಬಿಕೆ ಗಟ್ಟಿ ಇದ್ದವರಿಗೆ ಚಿಂತೆ ಬರುವುದಿಲ್ಲ ಅಂತ ಕೆಲವರು ಹೇಳುತ್ತಾರೆ. ಪ್ರಾರ್ಥನಾ ಕೂಟಗಳಲ್ಲಿ, ವಾಟ್ಸಾಪ್‌ನಲ್ಲಿ ಈ ಮಾತು ಜಾಸ್ತಿ. ನಾನು ಒಪ್ಪುವುದಿಲ್ಲ. ಬೈಬಲ್ ಕೂಡ ಹಾಗೆ ಹೇಳುವುದಿಲ್ಲ.

ಯೊವಾನ್ನನ ಸುವಾರ್ತೆಯ 14:27ರಲ್ಲಿ ಯೇಸು ತಮ್ಮ ಶಾಂತಿಯನ್ನು ಶಿಷ್ಯರಿಗೆ ಕೊಟ್ಟುಹೋಗುತ್ತಾರೆ. ಅದು ಅವರು ಸಾಯುವ ಹಿಂದಿನ ರಾತ್ರಿ. ಊಟ ಮುಗಿಸಿ ಗೆತ್ಸೆಮನೆ ತೋಟಕ್ಕೆ ಹೋದ ಮೇಲೆ ಅವರೇ ಸಂಕಟಪಡುತ್ತಾರೆ. ಸಾಧ್ಯವಾದರೆ ಈ ಕಷ್ಟ ತಪ್ಪಲಿ ಅಂತ ಬೇಡಿಕೊಳ್ಳುತ್ತಾರೆ. ಜೊತೆಗೆ ಕರೆದುಕೊಂಡು ಹೋದ ಮೂವರು ಗೆಳೆಯರಿಗೆ ಆಗಲೇ ನಿದ್ದೆ ಹತ್ತಿತ್ತು. ‘ಯಾವುದಕ್ಕೂ ಚಿಂತೆ ಮಾಡಬೇಡಿ’ ಅಂತ ಫಿಲಿಪ್ಪಿಯರಿಗೆ ಬರೆದ ಪೌಲ ಆಗ ಸೆರೆಮನೆಯಲ್ಲಿದ್ದ. ಅಂದರೆ ಈ ಶಾಂತಿ ಕಷ್ಟ ಮುಗಿದ ಮೇಲೆ ಸಿಗುವ ಬಹುಮಾನವಲ್ಲ. ಕಷ್ಟ ಇರುವಾಗಲೇ ಬೇಕಾದದ್ದು, ಸಿಗುವಂಥದ್ದು. ನಿಮಗೆ ಎದೆ ಡವಗುಟ್ಟಿದರೆ ನಂಬಿಕೆ ಕಡಿಮೆ ಅಂತ ಅರ್ಥವಲ್ಲ. ಈ ಅಪರಾಧಿ ಭಾವ ಹೊತ್ತುಕೊಂಡು ಶುರು ಮಾಡಬೇಡಿ. ಇರುವ ಹೊರೆಯೇ ಸಾಕು.

1. ಮೊದಲು ಊಟ, ನಿದ್ದೆ

ಪ್ರಾರ್ಥನೆಯಿಂದ ಶುರು ಮಾಡಿ ಅಂತ ಹೇಳುತ್ತೇನೆ ಅಂದುಕೊಂಡಿರಬಹುದು. ಇಲ್ಲ. ಎಲೀಯನ ಕಥೆ ಓದಿ, ಅರಸುಗಳು ಮೊದಲ ಗ್ರಂಥದ 19ನೇ ಅಧ್ಯಾಯ. ದೊಡ್ಡ ಪ್ರವಾದಿ. ರಾಣಿ ಜೆಜೆಬೆಲಳ ಬೆದರಿಕೆಗೆ ಹೆದರಿ ಮರುಭೂಮಿಗೆ ಓಡಿಹೋಗುತ್ತಾನೆ. ಒಂದು ಗಿಡದ ಕೆಳಗೆ ಕೂತು ‘ಸಾಕು, ನನ್ನ ಜೀವ ತೆಗೆದುಕೋ’ ಅನ್ನುತ್ತಾನೆ. ಆಗ ದೇವರು ಉಪದೇಶ ಮಾಡುವುದಿಲ್ಲ, ಬೈಯುವುದೂ ಇಲ್ಲ. ದೇವದೂತ ಬಂದು ತಟ್ಟಿ ಎಬ್ಬಿಸುತ್ತಾನೆ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ತಲೆಯ ಹತ್ತಿರ ಇರುತ್ತದೆ. ಎಲೀಯ ತಿಂದು ಮತ್ತೆ ಮಲಗುತ್ತಾನೆ. ದೂತ ಇನ್ನೊಮ್ಮೆ ಎಬ್ಬಿಸಿ ಇನ್ನೊಮ್ಮೆ ತಿನ್ನಿಸುತ್ತಾನೆ. ದೇವರು ಮಾತಾಡುವುದು ಇದೆಲ್ಲ ಆದಮೇಲೆ, ದೂರದ ಹೋರೇಬ್ ಬೆಟ್ಟದಲ್ಲಿ, ಅದೂ ಮೆಲುದನಿಯಲ್ಲಿ.

ಹಾಗಾಗಿ ಮನಸ್ಸು ಕೆಟ್ಟ ದಿನ ಮೊದಲು ಕೇಳಿಕೊಳ್ಳಬೇಕಾದದ್ದು ಇಷ್ಟೇ: ಹೊತ್ತಿಗೆ ಸರಿಯಾಗಿ ಗಂಜಿಯೋ ಊಟವೋ ಆಯಿತೇ? ನಿನ್ನೆ ರಾತ್ರಿ ನಿದ್ದೆ ಬಂತೇ? ಮಧ್ಯಾಹ್ನ ಮೂರಾದರೂ ಬರೀ ಚಹಾದ ಮೇಲೆ ಓಡಾಡುವವರು ನಮ್ಮಲ್ಲಿ ಎಷ್ಟು ಜನ! ರಾತ್ರಿ ಹನ್ನೊಂದರ ಮೇಲೆ ಹಾಸಿಗೆಯಲ್ಲಿ ಮೊಬೈಲ್ ಬೇಡ. ಚಾರ್ಜಿಂಗ್ ವಯರನ್ನೇ ಅಡುಗೆಮನೆಗೆ ಸಾಗಿಸಿ. ಮಳೆಗಾಲದ ರಾತ್ರಿ ಎಚ್ಚರಿಕೆಯ ಕರೆ ಬರಬಹುದು ಅನ್ನುವವರು ರಿಂಗ್ ಜೋರಾಗಿಟ್ಟು ಕೋಣೆಯ ಇನ್ನೊಂದು ಮೂಲೆಯಲ್ಲಿಡಿ.

2. ಹತ್ತು ನಿಮಿಷ, ಒಂದು ಜಾಗ

ನಸುಕಿನಲ್ಲಿ ಕತ್ತಲಿರುವಾಗಲೇ ಯೇಸು ಎದ್ದು ಒಬ್ಬರೇ ಪ್ರಾರ್ಥನೆಗೆ ಹೋದರು ಅಂತ ಮಾರ್ಕ 1:35 ಹೇಳುತ್ತದೆ. ಹಿಂದಿನ ಸಂಜೆ ಊರಿಗೆ ಊರೇ ಬಾಗಿಲ ಮುಂದೆ ನೆರೆದಿತ್ತು. ಬೆಳಿಗ್ಗೆ ಶಿಷ್ಯರು ಹುಡುಕಿಕೊಂಡು ಬಂದು ಎಲ್ಲರೂ ನಿಮ್ಮನ್ನೇ ಕೇಳುತ್ತಿದ್ದಾರೆ ಅನ್ನುತ್ತಾರೆ. ನಮ್ಮ ಮನೆಗಳ ಬೆಳಗೂ ಹೆಚ್ಚುಕಮ್ಮಿ ಹೀಗೇ.

ಪ್ರತ್ಯೇಕ ಪ್ರಾರ್ಥನೆ ಕೋಣೆ ಬೇಕಿಲ್ಲ. ಹಿತ್ತಲ ಕಟ್ಟೆ ಆಗುತ್ತದೆ. ಅಂಗಡಿ ಶಟರ್ ಎತ್ತುವ ಮುಂಚೆ ಒಳಗಿನ ಸ್ಟೂಲ್ ಆಗುತ್ತದೆ. ಹೊಸದಾಗಿ ಸಮಯ ಹುಡುಕಲು ಹೋದರೆ ಸಿಗುವುದಿಲ್ಲ. ದಿನಾ ಹೇಗೂ ಮಾಡುವ ಒಂದು ಕೆಲಸಕ್ಕೆ ಇದನ್ನು ಅಂಟಿಸಿ. ಮೊದಲ ಚಹಾ ಕುಡಿಯುವ ಹೊತ್ತು ಒಳ್ಳೆಯದು. ಚರ್ಚಿನ ಹತ್ತಿರ ಮನೆ ಇದ್ದವರಿಗೆ ಗಂಟೆ ಕೇಳುತ್ತದೆ. ದೇವದೂತ ಮರಿಯಮ್ಮನಿಗೆ ತಂದ ಸಂದೇಶ ನೆನೆಯುವ ದೂತನ ಪ್ರಾರ್ಥನೆಗೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗಂಟೆ ಬಾರಿಸುವ ಪದ್ಧತಿ ಇದ್ದದ್ದೇ ಇದಕ್ಕಾಗಿ. ಗದ್ದೆಯಲ್ಲಿದ್ದವರು ಕೂಡ ನಿಮಿಷ ನಿಂತು ಕೆಲಸ ಮುಂದುವರಿಸಲಿ ಅಂತ.

ಮನೆಯ ಹೆಂಗಸರಿಗೆ ಹತ್ತು ನಿಮಿಷ ಯಾರು ಕೊಡುತ್ತಾರೆ ಅನ್ನುವ ಪ್ರಶ್ನೆ ನಿಜವಾದದ್ದು. ಲೂಕ 10ರಲ್ಲಿ ಯೇಸುವಿನ ಪಾದದ ಬಳಿ ಕೂತ ಮರಿಯಳನ್ನು ಹೊಗಳಿ, ಅಡುಗೆಮನೆಯ ಮಾರ್ತಳನ್ನು ತೆಗಳುವ ಪ್ರಸಂಗ ನೀವು ಬಹಳ ಸಲ ಕೇಳಿರುತ್ತೀರಿ. ಹಾಗೆ ಪ್ರಸಂಗ ಮಾಡಿದವರು ಆಮೇಲೆ ಮನೆಗೆ ಹೋಗಿ ಮೀನುಸಾರು ಉಂಡಿರುತ್ತಾರೆ. ಅದನ್ನು ಮಾಡಿದವರು ಯಾರು? ಯೊವಾನ್ನ 11ರಲ್ಲಿ ತಮ್ಮ ಸತ್ತ ದುಃಖದಲ್ಲೂ ಯೇಸುವನ್ನು ಎದುರುಗೊಳ್ಳಲು ಊರ ಹೊರಗೆ ಹೋದವಳು, ‘ನೀವೇ ಕ್ರಿಸ್ತ’ ಅಂತ ನಂಬಿಕೆ ಹೇಳಿಕೊಂಡವಳು ಇದೇ ಮಾರ್ತ. ಹಾಗಾಗಿ ಗಂಡಸರಿಗೆ ಒಂದು ಮಾತು. ಮನೆಯಾಕೆಯ ಆ ಹತ್ತು ನಿಮಿಷ ಒಲೆಯ ಮೇಲಿನ ಹಾಲು ನೀವು ನೋಡಿಕೊಳ್ಳಿ. ಅದೂ ಪ್ರಾರ್ಥನೆಗೆ ಸೇರುತ್ತದೆ.

3. ಚಿಂತೆಯನ್ನು ಬರೆದು ಬೇರ್ಪಡಿಸಿ

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಮತ್ತಾಯ 6ನೇ ಅಧ್ಯಾಯದ ಕೊನೆಯಲ್ಲಿ ಯೇಸು ಹೇಳುತ್ತಾರೆ: ನಾಳೆಯ ಚಿಂತೆ ನಾಳೆಗಿರಲಿ, ಆ ಹೊತ್ತಿನ ಕಾಟ ಆ ಹೊತ್ತಿಗೆ ಸಾಕು. ಕಾಟವೇ ಇಲ್ಲ ಅಂತ ಅವರು ಹೇಳಲಿಲ್ಲ. ದಿನಕ್ಕೊಂದು ದಿನದ್ದು ಹೊರಿ ಅಂದರು. ಆದರೆ ನಮ್ಮ ತಲೆಯಲ್ಲಿ ಇವತ್ತಿನದು, ಮುಂದಿನ ವರ್ಷದ್ದು, ಪಕ್ಕದ ಮನೆಯದ್ದು ಎಲ್ಲ ಕಲಸಿಹೋಗಿರುತ್ತದೆ. ಬಲೆಯ ಸಿಕ್ಕು ಬಿಡಿಸಿದ ಹಾಗೆ ಒಂದೊಂದೇ ಎಳೆ ತೆಗೆಯಬೇಕು.

ಹಳೆ ಕ್ಯಾಲೆಂಡರಿನ ಹಾಳೆ ಹರಿದುಕೊಳ್ಳಿ. ಹಿಂಬದಿಯಲ್ಲಿ ಮನಸ್ಸಿಗೆ ಬಂದದ್ದನ್ನೆಲ್ಲ ಬರೆಯಿರಿ. ಅಕ್ಷರ ಚೆಂದ ಬೇಡ. ಕಾರವಾರದ ಕೋಡಿಬಾಗದ ಕಡೆಯ ಒಂದು ಮನೆಯ ಪಟ್ಟಿ ಹೀಗಿರಬಹುದು:

ಸಂಘದ ಕಂತು, ಶುಕ್ರವಾರ.
ಅಡುಗೆಮನೆಯ ಹಂಚು ಒಡೆದಿದೆ, ಸೋರುತ್ತಿದೆ.
ಮಗನ ಪಿಯುಸಿ ಆದಮೇಲೆ ಮುಂದೇನು.
ಅತ್ತೆಯ ಮೊಣಕಾಲು.
ಮೈದುನ ಮಾತು ಬಿಟ್ಟಿದ್ದಾನೆ.
ಈ ಸಲ ಗುಡ್ಡ ಜಾರಿದರೆ?

ಈಗ ಪ್ರತಿಯೊಂದರ ಮುಂದೆ ಗುರುತು ಹಾಕಿ. ಇವತ್ತೇ ನನ್ನ ಕೈಯಲ್ಲಿ ಆಗುವುದು ಯಾವುದು, ಇವತ್ತಿನದಲ್ಲದ್ದು ಯಾವುದು, ನನ್ನ ಕೈಯಲ್ಲೇ ಇಲ್ಲದ್ದು ಯಾವುದು. ಹಂಚು ಇವತ್ತಿನದು. ಹಂಚು ಸಿಗುವವರೆಗೆ ಒಂದು ತುಂಡು ತಾಡಪತ್ರಿ ಸಾಕು. ಕಂತು ಶುಕ್ರವಾರದ್ದು, ಆದರೆ ಅದರೊಳಗೆ ಇವತ್ತಿನದೊಂದು ಚೂರು ಇದೆ. ಈ ಸಲ ಅರ್ಧವೇ ಕೊಡಲಾಗುವುದು ಅಂತ ಸಂಘದ ಅಧ್ಯಕ್ಷರಿಗೆ ಮೊದಲೇ ಫೋನ್ ಮಾಡುವುದು. ಶುಕ್ರವಾರ ತಪ್ಪಿಸಿಕೊಂಡು ಓಡಾಡುವುದಕ್ಕಿಂತ ಮಂಗಳವಾರವೇ ಹೇಳಿಬಿಡುವುದರಲ್ಲಿ ಎಷ್ಟೋ ನಿದ್ದೆ ಉಳಿಯುತ್ತದೆ. ಮಗನ ಭವಿಷ್ಯ ಇವತ್ತಿನದಲ್ಲ. ಗುಡ್ಡ ಜಾರುವುದು ಬಿಡುವುದು ನಿಮ್ಮ ಕೈಯಲ್ಲಿಲ್ಲ. ಆದರೆ ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿಡುವುದು ನಿಮ್ಮ ಕೈಯಲ್ಲಿದೆ. ಕಾಳಜಿ ಕೇಂದ್ರ ಯಾವ ಶಾಲೆಯಲ್ಲಿ ತೆರೆಯುತ್ತಾರೆ ಅಂತ ಪಂಚಾಯತಿಯಲ್ಲಿ ಕೇಳಿಕೊಳ್ಳುವುದು ಕೂಡ.

ನಿಮ್ಮ ಕೈಯಲ್ಲಿಲ್ಲದ ಸಾಲುಗಳ ಮೇಲೆ ಅಂಗೈ ಇಟ್ಟು ಒಂದೊಂದನ್ನೂ ಹೆಸರು ಹಿಡಿದು ದೇವರಿಗೆ ಒಪ್ಪಿಸಿ. ಪೇತ್ರನ ಮೊದಲ ಪತ್ರದ 5:7 ಹೇಳುವುದು ಇದನ್ನೇ: ನಿಮ್ಮ ಚಿಂತೆಯನ್ನೆಲ್ಲ ಅವರ ಮೇಲೆ ಹಾಕಿ, ಅವರಿಗೆ ನಿಮ್ಮ ಕಾಳಜಿ ಇದೆ. ‘ದೇವರೇ, ಎಲ್ಲ ಒಳ್ಳೆಯದು ಮಾಡು’ ಅಂತ ಒಟ್ಟಾರೆ ಹೇಳಿ ಮುಗಿಸಬೇಡಿ. ‘ಮೈದುನ ಮಾತು ಬಿಟ್ಟಿದ್ದಾನೆ, ನನಗೆ ಅದು ಚುಚ್ಚುತ್ತಿದೆ, ಇದನ್ನು ನೀವು ಹಿಡಿದುಕೊಳ್ಳಿ’ ಅನ್ನಿ. ಆಮೇಲೆ ಎದ್ದು ಇವತ್ತಿನದಕ್ಕೆ ಕೈ ಹಚ್ಚಿ.

ಪ್ರಾರ್ಥನೆ ಮಾಡಿದರೆ ಕೆಲಸ ತಾನಾಗಿ ಆಗುತ್ತದೆ ಅನ್ನುವವರಿಗೆ ಒಂದು ಮಾತು. ಆಕಾಶದ ಹಕ್ಕಿಗಳನ್ನು ನೋಡಿ, ದೇವರು ಸಾಕುತ್ತಾರೆ ಅಂತ ಅದೇ ಅಧ್ಯಾಯದಲ್ಲಿ ಯೇಸು ಅಂದರು. ಅಘನಾಶಿನಿ ನದಿಯ ಗಜನಿ ಗದ್ದೆಗಳಲ್ಲಿ, ಉಪ್ಪುನೀರು ಬಂದುಹೋಗುವ ಆ ಗದ್ದೆಗಳಲ್ಲಿ, ಬೆಳ್ಳಕ್ಕಿ ನೋಡಿದ್ದೀರಲ್ಲ? ಬೆಳಗಿನಿಂದ ಕೆಸರಲ್ಲೇ ನಿಂತಿರುತ್ತದೆ. ಅದಕ್ಕೆ ಆಹಾರ ದೇವರೇ ಕೊಡುವುದು, ಆದರೆ ಗೂಡಿಗೆ ತಂದು ಬಾಯಿಗಿಡುವುದಿಲ್ಲ.

4. ದೂರು ಹೇಳಲು ಹೆದರಬೇಡಿ

ದೇವರ ಮುಂದೆ ಒಳ್ಳೆಯ ಮಾತೇ ಆಡಬೇಕು ಅಂತ ನಮಗೆಲ್ಲ ಒಂದು ಸಂಕೋಚ. ಬೈಬಲಿನ ಕೀರ್ತನೆಗಳಿಗೆ ಆ ಸಂಕೋಚ ಇಲ್ಲ. 150 ಕೀರ್ತನೆಗಳಲ್ಲಿ ಗೋಳು, ದೂರು, ಸಿಟ್ಟು ತುಂಬಿದವು ಬಹಳ ಇವೆ. 13ನೇ ಕೀರ್ತನೆ ಶುರುವಾಗುವುದೇ ‘ಇನ್ನೆಷ್ಟು ಕಾಲ?’ ಅಂತ. ಎರಡೇ ವಚನದಲ್ಲಿ ನಾಲ್ಕು ಸಲ ಅದೇ ಪ್ರಶ್ನೆ. 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ. ಕೊನೆಗೆ ಒಂದು ಸಮಾಧಾನದ ಸಾಲೂ ಇಲ್ಲ. ಆದರೂ ಅದು ಪ್ರಾರ್ಥನೆ ಅಂತಲೇ ಬೈಬಲಿನಲ್ಲಿ ಉಳಿದಿದೆ.

13ನೆಯದು ಆರೇ ವಚನ. ಅದನ್ನೇ ಚೌಕಟ್ಟು ಮಾಡಿಕೊಳ್ಳಿ. ಮೊದಲು ದೂರು: ಏನಾಗಿದೆ, ಎಷ್ಟು ದಿನದಿಂದ. ಆಮೇಲೆ ಕೋರಿಕೆ: ಏನು ಬೇಕು. ಕೊನೆಗೆ, ಹೇಳಲು ಆದರೆ ಮಾತ್ರ, ಹಿಂದೆ ದೇವರು ಕೈಹಿಡಿದ ಒಂದು ಸಂದರ್ಭದ ನೆನಪು. ಆಗದಿದ್ದರೆ 88ರ ಹಾಗೆ ಅಲ್ಲಿಗೇ ನಿಲ್ಲಿಸಿ. ಚರ್ಚಿನ ಭಾಷೆ ಬೇಡ. ಮನೆಯಲ್ಲಿ ಕೊಂಕಣಿಯಾದರೆ ಕೊಂಕಣಿ, ಕನ್ನಡವಾದರೆ ಕನ್ನಡ. ಸಿಟ್ಟು ಬಂದಾಗ ನಿಮ್ಮ ಬಾಯಿಗೆ ಯಾವ ಮಾತು ಬರುತ್ತದೋ ಅದರಲ್ಲೇ ಹೇಳಿ.

5. ಒಂದು ಭಾಗವನ್ನು ನಿಧಾನ ಓದಿ

ಬೈಬಲನ್ನು ಅಧ್ಯಾಯಗಟ್ಟಲೆ ಓದಿ ಮುಗಿಸುವುದು ಒಂದು ಬಗೆ. ಮನಸ್ಸು ಕದಡಿದಾಗ ಅದು ಹತ್ತುವುದಿಲ್ಲ. ಮಠಗಳಲ್ಲಿ ಬಳಕೆಯಲ್ಲಿದ್ದ ಇನ್ನೊಂದು ಬಗೆಗೆ ಲೆಕ್ಸಿಯೊ ದಿವೀನಾ ಅನ್ನುತ್ತಾರೆ. 12ನೇ ಶತಮಾನದಲ್ಲಿ ಗೀಗೋ ಅನ್ನುವ ಸನ್ಯಾಸಿ ಅದನ್ನು ನಾಲ್ಕು ಮೆಟ್ಟಿಲಾಗಿ ವಿವರಿಸಿದರು. ಓದು, ಮೆಲುಕು, ಪ್ರಾರ್ಥನೆ, ಆಮೇಲೆ ಸುಮ್ಮನೆ ಇರುವುದು.

ಕರಾವಳಿಯವರಿಗೆ ಶುರುವಿಗೆ ನಾನು ಹೇಳುವುದು ಮಾರ್ಕ 4:35ರಿಂದ 41. ಏಳು ವಚನ. ಜೋರಾಗಿ, ನಿಮ್ಮ ಕಿವಿಗೆ ಕೇಳುವ ಹಾಗೆ ಓದಿ.

ಸಂಜೆಯಾಗಿದೆ. ಆಚೆ ದಡಕ್ಕೆ ಹೋಗೋಣ ಅನ್ನುತ್ತಾರೆ ಯೇಸು. ಗಲಿಲಾಯ ಸರೋವರ ಸುಮಾರು 21 ಕಿಲೋಮೀಟರ್ ಉದ್ದ, 13 ಕಿಲೋಮೀಟರ್ ಅಗಲ. ಸಮುದ್ರಮಟ್ಟಕ್ಕಿಂತ 200 ಮೀಟರಿಗೂ ಕೆಳಗಿದೆ. ಸುತ್ತ ಬೆಟ್ಟ. ಅಲ್ಲಿಂದ ಗಾಳಿ ದಿಢೀರ್ ಇಳಿದು ನೀರನ್ನು ಎಬ್ಬಿಸುತ್ತದೆ. ದೋಣಿಯಲ್ಲಿದ್ದ ಪೇತ್ರ, ಅಂದ್ರೆಯ, ಯಾಕೋಬ, ಯೊವಾನ್ನ ಮೀನುಗಾರರು. ಆ ನೀರಲ್ಲೇ ಬೆಳೆದವರು. ಅವರೇ ಹೆದರಿದರು ಅಂದರೆ ಗಾಳಿ ಸಣ್ಣದಲ್ಲ. ಅಲೆ ದೋಣಿಯೊಳಗೆ ನುಗ್ಗಿ ನೀರು ತುಂಬುತ್ತಿದೆ. ಯೇಸು ದೋಣಿಯ ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದಾರೆ. ಆ ದಿಂಬಿನ ಸುದ್ದಿ ಹೇಳುವುದು ಮಾರ್ಕನೊಬ್ಬನೇ. ಅದೇ ಕಥೆ ಹೇಳುವ ಮತ್ತಾಯನಾಗಲಿ ಲೂಕನಾಗಲಿ ಅದನ್ನು ಬರೆದಿಲ್ಲ.

ಎರಡನೇ ಸಲ ಓದುವಾಗ ನೀವು ಆ ದೋಣಿಯಲ್ಲಿ ಎಲ್ಲಿದ್ದೀರಿ ನೋಡಿ. ನೀರು ಎತ್ತಿ ಹೊರಚೆಲ್ಲುತ್ತಿದ್ದೀರಾ? ಅಂಚು ಹಿಡಿದು ಕೂತಿದ್ದೀರಾ? ಯೇಸುವನ್ನು ಎಬ್ಬಿಸುವುದೋ ಬೇಡವೋ ಅಂತ ಅನುಮಾನಿಸುತ್ತಿದ್ದೀರಾ? ಶಿಷ್ಯರು ಎಬ್ಬಿಸಿದರು. ‘ನಾವು ಸಾಯುತ್ತಿದ್ದೇವೆ, ನಿಮಗೇನೂ ಅನಿಸುವುದಿಲ್ಲವೇ?’ ಅಂತ ಖಾರವಾಗಿಯೇ ಕೇಳಿದರು. ಮಾರ್ಕನ ಪ್ರಕಾರ ಯೇಸು ಎದ್ದವರೇ ಮೊದಲು ಗಾಳಿಯನ್ನು ಗದರಿಸಿ ನಿಲ್ಲಿಸಿದರು. ‘ಯಾಕೆ ಹೆದರುತ್ತೀರಿ?’ ಅಂತ ಕೇಳಿದ್ದು ಆಮೇಲೆ. ಸಹಾಯ ಮೊದಲು, ಪ್ರಶ್ನೆ ನಂತರ. ಕಷ್ಟದಲ್ಲಿರುವವರ ಮನೆಗೆ ಹೋಗುವ ನಾವೂ ಈ ಕ್ರಮ ಕಲಿಯಬಹುದು.

36ನೇ ವಚನದ ಒಂದು ಸಾಲನ್ನು ಎಲ್ಲರೂ ದಾಟಿಬಿಡುತ್ತಾರೆ. ಜೊತೆಗೆ ಬೇರೆ ದೋಣಿಗಳೂ ಇದ್ದವು ಅಂತ. ಆ ದೋಣಿಗಳವರೂ ಅದೇ ಗಾಳಿಗೆ ಸಿಕ್ಕಿರಬೇಕು. ಯೇಸು ಅವರ ದೋಣಿಯಲ್ಲಿರಲಿಲ್ಲ, ಆದರೆ ನೀರು ಶಾಂತವಾದದ್ದು ಅವರಿಗೂ. ಮೂರನೇ ಸಲ ಓದಿದ ಮೇಲೆ ನಿಮ್ಮ ಅಕ್ಕಪಕ್ಕದ ಆ ದೋಣಿಗಳು ಯಾರು ಅಂತ ನೆನೆದು ಅವರ ಹೆಸರು ಹೇಳಿ ಪ್ರಾರ್ಥಿಸಿ. ಆಮೇಲೆ ಎರಡು ನಿಮಿಷ ಏನೂ ಮಾಡಬೇಡಿ. ಮನಸ್ಸು ಮಾರ್ಕೆಟ್ಟಿಗೆ ಓಡುತ್ತದೆ. ಓಡಲಿ, ವಾಪಸ್ ಕರೆಯಿರಿ. ಅದಕ್ಕೆ ಬೇಜಾರು ಬೇಡ.

6. ಹಗಲಿಗೆ ಒಂದು ಸಣ್ಣ ಪ್ರಾರ್ಥನೆ

ಬೆಳಗಿನ ಹತ್ತು ನಿಮಿಷ ಹತ್ತು ಗಂಟೆಗೆಲ್ಲ ಕರಗಿಹೋಗುತ್ತದೆ. ಅದಕ್ಕೇ ಪೂರ್ವ ದೇಶಗಳ ಆರ್ಥೊಡಾಕ್ಸ್ ಕ್ರೈಸ್ತರು ಉಸಿರಿನ ಜೊತೆ ಹೇಳುವ ಪ್ರಾರ್ಥನೆಯೊಂದನ್ನು ಇಟ್ಟುಕೊಂಡಿದ್ದರು. ಉಸಿರು ಎಳೆಯುವಾಗ ‘ಪ್ರಭು ಯೇಸು ಕ್ರಿಸ್ತರೇ, ದೇವರ ಪುತ್ರರೇ’, ಬಿಡುವಾಗ ‘ಪಾಪಿಯಾದ ನನ್ನ ಮೇಲೆ ಕರುಣೆ ಇಡಿ’. ಉದ್ದ ಅನಿಸಿದರೆ 23ನೇ ಕೀರ್ತನೆಯ ಮೊದಲ ಸಾಲು, ‘ಪ್ರಭುವೇ ನನಗೆ ಕುರಿಗಾಹಿ’ ಅನ್ನುವುದು, ಸಾಕು. ದೇವಿಮನೆ ಘಟ್ಟದ ತಿರುವುಗಳಲ್ಲಿ ಬಸ್ಸು ಇಳಿಯುವಾಗ, ಆಸ್ಪತ್ರೆಯಲ್ಲಿ ಟೋಕನ್ ಹಿಡಿದು ಕೂತಾಗ, ಮೇಲಧಿಕಾರಿಯ ಕೋಣೆಯ ಬಾಗಿಲು ತಳ್ಳುವ ಮುಂಚೆ. ಉಸಿರು ಬಿಡುವುದು ಎಳೆಯುವುದಕ್ಕಿಂತ ಉದ್ದ ಇರಲಿ. ನಿಧಾನವಾಗಿ ಉಸಿರು ಬಿಟ್ಟಾಗ ಎದೆಬಡಿತ ಇಳಿಯುವುದು ದೇಹದ ಧರ್ಮ. ದೇಹವನ್ನು ಮಾಡಿದವರಿಗೆ ಇದು ಗೊತ್ತಿಲ್ಲದೇ ಇರುತ್ತದೆಯೇ?

7. ಜಗಳ ಬಗೆಹರಿಸಿ, ಆದರೆ ಹೊಡೆತ ತಿನ್ನಬೇಡಿ

ಎಷ್ಟೋ ಒತ್ತಡದ ಬುಡದಲ್ಲಿ ಮುಗಿಯದ ಜಗಳ ಇರುತ್ತದೆ. ಜಾಗದ ಪಾಲು, ಬೇಲಿಯ ಗಡಿ, ಅತ್ತೆ ಸೊಸೆ, ಅಣ್ಣ ತಮ್ಮ. ಕಾಣಿಕೆ ತಂದು ಪೀಠದ ಮುಂದೆ ನಿಂತಾಗ ಸಹೋದರನಿಗೆ ನಿನ್ನ ಮೇಲೆ ಅಸಮಾಧಾನ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ರಾಜಿಯಾಗಿ ಬಾ ಅಂತ ಮತ್ತಾಯ 5:23-24ರಲ್ಲಿದೆ. ಪೂಜೆಯನ್ನೇ ಅರ್ಧಕ್ಕೆ ನಿಲ್ಲಿಸು ಅನ್ನುವಷ್ಟು ತುರ್ತು.

ದೊಡ್ಡ ಪಂಚಾಯ್ತಿ ಬೇಡ. ಮೊದಲಿಗೆ ಒಂದು ಸಣ್ಣ ಮಾತು. ‘ಅಮ್ಮ ಹುಷಾರಿದ್ದಾಳಾ?’ ಅಂತ ಒಂದು ಫೋನ್. ತಪ್ಪು ನಿಮ್ಮ ಕಡೆ ಇದ್ದರೆ ‘ಆದರೆ’ ಸೇರಿಸದೆ ಒಪ್ಪಿಕೊಳ್ಳಿ. ಆ ಕಡೆಯವರು ಫೋನ್ ಇಟ್ಟರೆ ನಿಮ್ಮ ಭಾಗ ನೀವು ಮಾಡಿದ್ದೀರಿ, ಉಳಿದದ್ದು ದೇವರ ಪಟ್ಟಿಗೆ. ಯಾರಿಗೂ ಹೇಳಲಾಗದ್ದು ಮನಸ್ಸಲ್ಲಿದ್ದರೆ ಕಥೋಲಿಕರಿಗೆ ಪಾಪನಿವೇದನೆ ಇದೆ. ಅಲ್ಲಿ ಕೇಳಿದ್ದನ್ನು ಗುರುಗಳು ಯಾವ ಕಾರಣಕ್ಕೂ ಹೊರಗೆ ಹೇಳುವಂತಿಲ್ಲ. ಬೇರೆ ಸಭೆಗಳವರು ನಂಬಿಕಸ್ಥ ಪಾಸ್ಟರನ್ನು ಹುಡುಕಿಕೊಳ್ಳಿ. ನಂಬಿಕಸ್ಥ ಅನ್ನುವುದು ಮುಖ್ಯ. ಹೇಳಿದ್ದು ವಾರದೊಳಗೆ ಊರಿಗೆಲ್ಲ ಗೊತ್ತಾಗುವ ಕಡೆ ಹೇಳಬೇಡಿ.

ಕ್ಷಮಿಸು ಅಂದರೆ ಹೊಡೆತ ಸಹಿಸು ಅಂತಲ್ಲ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಮಹಿಳಾ ಸಹಾಯವಾಣಿ 181, ತುರ್ತಿಗೆ 112. ‘ಶಿಲುಬೆ ಅಂತ ಹೊತ್ತುಕೋ’ ಅಂತ ಯಾರಾದರೂ ಬುದ್ಧಿ ಹೇಳಿದರೆ ಕೇಳಬೇಡಿ.

8. ರಾತ್ರಿ, ದಿನವನ್ನು ಹಿಂದಿರುಗಿ ನೋಡುವುದು

ಕುಮಟಾ ಹತ್ತಿರದ ಚಂದಾವರದ ಚರ್ಚಿಗೆ ಡಿಸೆಂಬರ್ 3ರ ಹಬ್ಬಕ್ಕೆ ನೀವು ಹೋಗಿರಬಹುದು. ಬೇರೆ ಧರ್ಮದವರೂ ಹರಕೆ ಹೊತ್ತು ಬರುತ್ತಾರೆ. 1552ರಲ್ಲಿ ಆ ದಿನ ತೀರಿಕೊಂಡ ಸಂತ ಫ್ರಾನ್ಸಿಸ್ ಕ್ಸೇವಿಯರ್ ಹೆಸರಿನ ಚರ್ಚು ಅದು. ಅವರ ಗೆಳೆಯರೂ ಗುರುವೂ ಆಗಿದ್ದ ಲೊಯೋಲಾದ ಸಂತ ಇಗ್ನೇಷಿಯಸ್, ದಿನದ ಕೊನೆಗೆ ಮಾಡುವ ಒಂದು ಪರಿಶೀಲನೆಯನ್ನು ತಮ್ಮವರಿಗೆ ಕಲಿಸಿದ್ದರು. ಬೇರೆ ಯಾವ ಪ್ರಾರ್ಥನೆ ತಪ್ಪಿದರೂ ಇದನ್ನು ಬಿಡಬೇಡಿ ಅನ್ನುವಷ್ಟು ಮಹತ್ವ ಅದಕ್ಕೆ.

ಮಲಗುವ ಮುಂಚೆ ದೀಪ ಸಣ್ಣ ಮಾಡಿ ಕೂತುಕೊಳ್ಳಿ. ಮೊದಲು ಇವತ್ತಿನ ಒಂದು ಒಳ್ಳೆಯದಕ್ಕೆ ದೇವರಿಗೆ ವಂದನೆ. ದೊಡ್ಡದೇ ಆಗಬೇಕಿಲ್ಲ. ಮೀನಿಗೆ ರೇಟು ಸಿಕ್ಕಿತು, ಬಸ್ಸಲ್ಲಿ ಸೀಟು ಸಿಕ್ಕಿತು, ನಡೆಯುತ್ತದೆ. ಎರಡನೆಯದು, ದಿನವನ್ನು ನೇರವಾಗಿ ನೋಡಲು ಬೆಳಕು ಕೊಡಿ ಅಂತ ಕೇಳುವುದು. ಆಮೇಲೆ ಬೆಳಿಗ್ಗೆಯಿಂದ ಒಂದೊಂದು ಗಂಟೆಯನ್ನು ನೆನೆಯುತ್ತಾ ಬನ್ನಿ. ಎಲ್ಲಿ ಮನಸ್ಸು ಅರಳಿತು, ಎಲ್ಲಿ ಮುದುಡಿತು? ಮಗಳ ಮೇಲೆ ರೇಗಿದ್ದು ನಿಜವಾಗಿ ಅವಳ ತಪ್ಪಿಗಾ, ಬ್ಯಾಂಕಿನ ಸಿಟ್ಟು ಅಲ್ಲಿ ಇಳಿದದ್ದಾ? ಸಿಕ್ಕಿದ್ದಕ್ಕೆ ಕ್ಷಮೆ ಕೇಳಿ. ಕೊನೆಗೆ ನಾಳೆಗೆ ಒಂದೇ ಒಂದು ಕೋರಿಕೆ. ಹತ್ತು ಹದಿನೈದು ನಿಮಿಷ ಸಾಕು. ನಡುವೆ ನಿದ್ದೆ ಬಂದರೆ ಬರಲಿ. ‘ನೆಮ್ಮದಿಯಾಗಿ ಮಲಗಿ ನಿದ್ದೆ ಮಾಡುವೆ’ ಅನ್ನುವ 4ನೇ ಕೀರ್ತನೆಯ ಕೊನೆಯ ವಚನ ಇರುವುದೇ ಅದಕ್ಕೆ.

ಮನೆಯವರೆಲ್ಲ ಸೇರಿ ಜಪಸರ ಹೇಳುವ ರೂಢಿ ಇದ್ದರೆ ಬಿಡಬೇಡಿ. ಆದರೆ ಧಾರಾವಾಹಿ ಶುರುವಾಗುತ್ತದೆ ಅಂತ ಐದು ದಶಕಗಳನ್ನು, ಅಂದರೆ ಹತ್ತು ಹತ್ತು ಮಣಿಯ ಐದು ಸುತ್ತನ್ನು, ಓಡಿಸುವುದಕ್ಕಿಂತ ಒಂದೇ ದಶಕವನ್ನು ಸಮಾಧಾನವಾಗಿ ಹೇಳುವುದು ಮೇಲು ಅಂತ ನನ್ನ ಅಭಿಪ್ರಾಯ. ಅಜ್ಜಿಯಂದಿರು ಒಪ್ಪಲಿಕ್ಕಿಲ್ಲ.

9. ಜನರ ಜೊತೆ

ಒಬ್ಬರೇ ಮಾಡಿದರೆ ಇದು ಬಹಳ ದಿನ ನಡೆಯುವುದಿಲ್ಲ. ನಿಮ್ಮ ವಾಳೆಯಲ್ಲಿ, ಅಂದರೆ ಚರ್ಚಿನ ಅಕ್ಕಪಕ್ಕದ ಮನೆಗಳ ಗುಂಪಿನಲ್ಲಿ, ವಾರದ ಪ್ರಾರ್ಥನೆ ಇದ್ದರೆ ಹೋಗಿ. 1976ರಲ್ಲಿ ಕಾರವಾರ ಧರ್ಮಪ್ರಾಂತ್ಯ ಆದಮೇಲೆ ಜಿಲ್ಲೆಯ ಕಥೋಲಿಕರಿಗೆ ಬಿಷಪ್ಪರು ಇಲ್ಲೇ ಇದ್ದಾರೆ. ಸಲಹೆಗೋ ಧ್ಯಾನಕೂಟಕ್ಕೋ ದೂರ ಹೋಗಬೇಕಿಲ್ಲ, ನಿಮ್ಮ ಫಾದರನ್ನೇ ಕೇಳಿ. ಒಂದು ಎಚ್ಚರ: ಚರ್ಚಿನ ಕೆಲಸವೇ ಒತ್ತಡ ಆಗುವುದೂ ಉಂಟು. ಹಬ್ಬದ ಲೆಕ್ಕಪತ್ರ, ಗಾಯನ ಮಂಡಳಿಯ ಮುನಿಸು. ಅಂಥ ವರ್ಷ ಜವಾಬ್ದಾರಿ ಬೇರೆಯವರಿಗೆ ಕೊಟ್ಟು ಹಿಂದಿನ ಬೆಂಚಿನಲ್ಲಿ ಕೂತು ಪೂಜೆ ಕೇಳಿ.

10. ಡಾಕ್ಟರ ಹತ್ತಿರ ಹೋಗುವ ಹೊತ್ತು

ಎರಡು ವಾರ ಆದರೂ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ, ಎದೆ ಹಿಡಿದು ಉಸಿರು ಕಟ್ಟಿದ ಹಾಗೆ ಮತ್ತೆ ಮತ್ತೆ ಆಗುತ್ತದೆ ಅಂದರೆ ಡಾಕ್ಟರಿಗೆ ತೋರಿಸಿ. ಕುಡಿತ ಏರುತ್ತಿದ್ದರೂ ಅಷ್ಟೇ. ಸಾಯಬೇಕು ಅನಿಸಿದರೆ ಎರಡು ವಾರ ಕಾಯುವುದಿಲ್ಲ, ಅದೇ ಗಳಿಗೆ ಯಾರಿಗಾದರೂ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416. ಉಚಿತ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡಬಹುದು. ಕಾರವಾರದಲ್ಲಿ ವೈದ್ಯಕೀಯ ಕಾಲೇಜಿನ ಸರ್ಕಾರಿ ಆಸ್ಪತ್ರೆ ಇದೆ. ತಾಲೂಕು ಆಸ್ಪತ್ರೆಯಲ್ಲಿ ಕೇಳಿದರೂ ಮಾನಸಿಕ ಆರೋಗ್ಯದ ದಾರಿ ತೋರಿಸುತ್ತಾರೆ.

ಮಾತ್ರೆ ತೆಗೆದುಕೊಂಡರೆ ನಂಬಿಕೆ ಸೋತಂತೆ ಅಲ್ಲ. ಸುವಾರ್ತೆ ಬರೆದ ಲೂಕನನ್ನು ಪೌಲ ‘ಪ್ರಿಯ ವೈದ್ಯ’ ಅಂತ ಕರೆಯುತ್ತಾನೆ, ಕೊಲೊಸ್ಸೆಯರಿಗೆ ಬರೆದ ಪತ್ರದ 4:14ರಲ್ಲಿ. ಕಥೋಲಿಕ ಬೈಬಲಿನಲ್ಲಿರುವ ಸಿರಾಖ 38ನೇ ಅಧ್ಯಾಯ ಇನ್ನೂ ಬಿಡಿಸಿ ಹೇಳುತ್ತದೆ. ಕಾಯಿಲೆ ಬಂದರೆ ಪ್ರಾರ್ಥಿಸು, ಆಮೇಲೆ ವೈದ್ಯನಿಗೂ ಜಾಗ ಬಿಡು, ಮದ್ದನ್ನು ಭೂಮಿಯಿಂದ ಹುಟ್ಟಿಸಿದವರೂ ದೇವರೇ ಅಂತ. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಮಾತ್ರೆ ನಿಲ್ಲಿಸಿ ಅನ್ನುವವರು ಯಾರೇ ಇರಲಿ, ಅವರ ಪ್ರಾರ್ಥನೆ ತೆಗೆದುಕೊಳ್ಳಿ, ಸಲಹೆ ಬೇಡ.

ಮೊದಲ ವಾರ ಎಷ್ಟು?

ಇದನ್ನೆಲ್ಲ ಒಟ್ಟಿಗೆ ಶುರು ಮಾಡಬೇಡಿ, ಮೂರನೇ ದಿನಕ್ಕೆ ಬಿಟ್ಟುಬಿಡುತ್ತೀರಿ. ಮೊದಲ ವಾರ ಮೊಬೈಲ್ ಹಾಸಿಗೆಯಿಂದ ದೂರ, ಬೆಳಗಿನ ಹತ್ತು ನಿಮಿಷ, ವಾರಕ್ಕೆ ಎರಡು ಸಲ ಚಿಂತೆಯ ಪಟ್ಟಿ. ಅಷ್ಟೇ. ಎರಡನೇ ವಾರಕ್ಕೆ ರಾತ್ರಿಯ ಪರಿಶೀಲನೆ ಸೇರಿಸಿ. ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು ಮಾಡಿ ಸರಿದೂಗಿಸಬೇಕಿಲ್ಲ, ಆ ದಿನದ್ದು ಮಾಡಿದರಾಯಿತು. ಓದಲು ಮಾರ್ಕನ ಸುವಾರ್ತೆ ಹಿಡಿಯಿರಿ. ನಾಲ್ಕರಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ದಿನಕ್ಕೆ ಅರ್ಧ ಅಧ್ಯಾಯ ಓದಿದರೆ ತಿಂಗಳಲ್ಲಿ ಹೆಚ್ಚುಕಮ್ಮಿ ಮುಗಿಯುತ್ತದೆ.